ಅಣ್ವಸ್ತ್ರದ ನೋಟ್ಸು, ಪುಟ ನಲವತ್ತೊಂದು

ಸೋಮವಾರ ಬೆಳಿಗ್ಗೆ ಚನ್ನಗಿರಿ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಕೊರಳಿಗೆ ಬಿಳಿ ಬ್ಯಾಂಡ್ ಕಟ್ಟಿಕೊಳ್ಳುತ್ತಿದ್ದಾಗ ಫೋನು ಬಂತು. ಬೆಳಿಗ್ಗೆ ಹತ್ತರೊಳಗೆ ಬರುವ ಯಾವ ಫೋನನ್ನೂ ನಾನು ಮೊದಲು ಸಾವಿನ ಸುದ್ದಿ ಅಂತಲೇ ಎಣಿಸುತ್ತೇನೆ. ಎತ್ತಿದರೆ ಗ್ಯಾಸ್ ಸಿಲಿಂಡರಿನವನಾಗಿರುತ್ತಾನೆ. ಈ ಸಲ ಫೋನು ಜಗಳೂರಿನಿಂದ ಬಂದಿತ್ತು. ಅಲ್ಲಿಯ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿರುವ ನನ್ನ ವಿದ್ಯಾರ್ಥಿನಿ.

"ನಮಸ್ಕಾರ ಸರ್. ಒಂದು ಕೇಳ್ತೀನಿ, ಬೈಬಾರ್ದು."

"ಹೇಳ್ರಮ್ಮ."

"ನಿಮ್ಮ ನೋಟ್ಸಿನಾಗೆ ಪುಟ ನಲವತ್ತೊಂದು ಐತಲ್ಲ, ಅದು ಸರಿ ಐತಾ ಸರ್?"

ನನ್ನ ಹೊಟ್ಟೆಪಾಡು ಸಿವಿಲ್ ದಾವೆಗಳದ್ದು. ಪಾಲು, ದಾರಿ, ಬದು. ಶನಿವಾರ ಮಾತ್ರ ಜಿಲ್ಲಾ ಕೇಂದ್ರದ ಒಂದು ಕಾನೂನು ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಹೋಗಿ ಅಂತರರಾಷ್ಟ್ರೀಯ ಕಾನೂನು ಪಾಠ ಮಾಡುತ್ತಿದ್ದೆ. ವಾರವಿಡೀ ಬದು ಒತ್ತಿದವನ ಪರ ವಾದಿಸಿ ಶನಿವಾರ ದೇಶದೇಶಗಳ ಗಡಿಯ ಬಗ್ಗೆ ಗಂಭೀರವಾಗಿ ಮಾತಾಡುವುದು ನನಗೇ ನಗು ತರಿಸುತ್ತಿತ್ತು. ಆದರೆ ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ಈ ವಿಷಯಕ್ಕೆ ಹಿಡಿದು ಓದುವಂಥ ಪುಸ್ತಕ ಸಿಗುತ್ತಿರಲಿಲ್ಲ. ಹಾಗಾಗಿ ಮೊದಲ ವರ್ಷವೇ ಒಂದು ನೋಟ್ಸು ಬರೆದೆ. ಅದು ಜೆರಾಕ್ಸಾಯಿತು, ಜೆರಾಕ್ಸಿನ ಜೆರಾಕ್ಸಾಯಿತು, ಹೊನ್ನಾಳಿಯಲ್ಲಿ ಸ್ಪೈರಲ್ ಬೈಂಡಿಂಗ್ ಕೂಡ ಆಯಿತು. ನನ್ನ ಜೀವಮಾನದಲ್ಲಿ ನಾಲ್ಕು ತಾಲ್ಲೂಕು ಸುತ್ತಿದ ನನ್ನದೊಂದು ವಸ್ತುವೆಂದರೆ ಅದೇ.

ಪುಟ ನಲವತ್ತೊಂದು ಅಣ್ವಸ್ತ್ರಗಳ ಅಧ್ಯಾಯದ ಕೊನೆಯ ಪುಟ. ಅಣ್ವಸ್ತ್ರದ ಬೆದರಿಕೆ ಹಾಕುವುದು ಅಥವಾ ಅದನ್ನು ಬಳಸುವುದು ಕಾನೂನುಬದ್ಧವೇ ಎಂದು ವಿಶ್ವಸಂಸ್ಥೆಯ ಮಹಾಸಭೆ ಕೇಳಿದ್ದಕ್ಕೆ ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯ 1996ರಲ್ಲಿ ಕೊಟ್ಟ ಸಲಹಾ ಅಭಿಪ್ರಾಯ ಅಲ್ಲಿದೆ. ಪರೀಕ್ಷೆಯಲ್ಲಿ ಪದೇ ಪದೇ ಬರುವ ಪ್ರಶ್ನೆ. ನನ್ನ ನೋಟ್ಸಿನ ಕೊನೆಯ ಸಾಲು ಹೀಗಿತ್ತು: 'ಆದ್ದರಿಂದ ಅಣ್ವಸ್ತ್ರಗಳ ಬಳಕೆ ಎಲ್ಲ ಸಂದರ್ಭಗಳಲ್ಲೂ ಕಾನೂನುಬಾಹಿರ ಎಂದು ನ್ಯಾಯಾಲಯ ತೀರ್ಮಾನಿಸಿತು.'

"ಸರಿಯಾಗೇ ಐತಲ್ರಮ್ಮ. ಯಾಕೆ?"

"ಹೋದ ಸಲದ ಉತ್ತರ ಪತ್ರಿಕೆ ಜೆರಾಕ್ಸ್ ತರಿಸ್ಕೊಂಡಿದ್ದೆ ಸರ್. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು 'ತಪ್ಪು, ಮುಂದಿನ ಪ್ಯಾರಾ ಎಲ್ಲಿ?' ಅಂತ ಬರೆದಾರೆ. ಮುಂದಿನ ಪ್ಯಾರಾ ಅಂದ್ರೆ ಯಾವ್ದು ಸರ್? ನಿಮ್ಮ ನೋಟ್ಸಿನಾಗೆ ಅಲ್ಲಿಗೇ ಮುಗಿದೈತೆ."

ಆಕೆಯ ವಿಚಾರ ಹೇಳಿಬಿಡಬೇಕು. ವಯಸ್ಸು ನಲವತ್ತೆರಡು. ಹಗಲೆಲ್ಲ ಬೇರೆ ವಕೀಲರ ದಾವೆ, ಅಫಿಡವಿಟ್ಟುಗಳನ್ನು ಟೈಪು ಮಾಡುತ್ತಾರೆ. ಮದುವೆ, ಮಕ್ಕಳು ಎಲ್ಲ ಆದಮೇಲೆ ಕಾನೂನು ಪದವಿಗೆ ಸೇರಿದವರು. ಉಳಿದ ಪೇಪರುಗಳೆಲ್ಲ ಪಾಸಾಗಿದ್ದವು. ಅಂತರರಾಷ್ಟ್ರೀಯ ಕಾನೂನು ಒಂದೇ ಎರಡು ಸಲ ಕೈಕೊಟ್ಟಿತ್ತು, ಎರಡು ಸಲವೂ ಮೂರ್ನಾಲ್ಕು ಅಂಕಗಳಲ್ಲಿ. ಪದವಿ ಮುಗಿಸಲು ವಿಶ್ವವಿದ್ಯಾಲಯ ಕೊಡುವ ಗರಿಷ್ಠ ಅವಧಿ ಈ ಸಲಕ್ಕೆ ತೀರುತ್ತಿತ್ತು. ಶುಕ್ರವಾರದ ಪರೀಕ್ಷೆಯೇ ಕೊನೆಯದು. ಅದರಲ್ಲಿ ಹೋದರೆ ಅಷ್ಟೂ ವರ್ಷದ ಓದು ಇಲ್ಲವೆಂದೇ ಲೆಕ್ಕ.

"ಮಧ್ಯಾಹ್ನ ಮಾಡ್ತೀನಿ" ಅಂತ ಹೇಳಿ ಫೋನಿಟ್ಟೆ. ಅವತ್ತಿನ ನನ್ನ ಮೂರು ಕೇಸುಗಳಲ್ಲಿ ಏನಾಯಿತೆಂದು ಇವತ್ತಿಗೂ ಸರಿಯಾಗಿ ನೆನಪಿಲ್ಲ. ಮೂರಕ್ಕೂ ಮುಂದಿನ ದಿನಾಂಕ ತಗೊಂಡೆ ಅಂತ ಡೈರಿ ಹೇಳುತ್ತದೆ.

ಊಟದ ಹೊತ್ತಿಗೆ ಮನೆಗೆ ಹೋಗಿ ಅಟ್ಟದ ಪೆಟ್ಟಿಗೆಯಿಂದ ಆ ಅಭಿಪ್ರಾಯದ ಹಳೆಯ ಪ್ರಿಂಟು ಇಳಿಸಿದೆ. ಉದ್ದದ ದಾಖಲೆ. ನಮ್ಮ ಕಡೆ ವಕೀಲರಿಗೆ ತೀರ್ಪನ್ನು ಹಿಂದಿನಿಂದ ಓದುವ ರೂಢಿ. ಕಕ್ಷಿದಾರ ಹೊರಗೆ ಹುಣಸೆ ಮರದ ಕೆಳಗೆ ನಿಂತಿರುತ್ತಾನೆ. ಅವನ ಪ್ರಶ್ನೆ ಒಂದೇ, 'ಗೆದ್ವಾ, ಸೋತ್ವಾ?' ಕಾರಣ ಅವನಿಗೆ ಬೇಡ, ನಮಗೂ ಅಷ್ಟು ಹೊತ್ತಿಗೆ ಬೇಡವಾಗಿರುತ್ತದೆ. ಕೊನೆಯ ಹಾಳೆಯ ಆದೇಶ ಓದಿ ಒಂದು ಶಬ್ದದಲ್ಲಿ ಉತ್ತರ ಹೇಳಿ ಕೈಮುಗಿಸಿಕೊಳ್ಳುವುದು. ಆ ಅಭಿಪ್ರಾಯವನ್ನೂ ನಾನು ಹಾಗೆಯೇ ಓದಿದ್ದೆ.

ಕೊನೆಯ ಭಾಗದಲ್ಲಿ ಎ ಇಂದ ಎಫ್‌ವರೆಗೆ ಉತ್ತರಗಳಿವೆ. ಅದರಲ್ಲಿ 'ಇ' ಎರಡು ಪ್ಯಾರಾ. ಮೊದಲನೆಯದು, ಅಣ್ವಸ್ತ್ರದ ಬೆದರಿಕೆ ಅಥವಾ ಬಳಕೆ ಯುದ್ಧ ಕಾನೂನಿನ ನಿಯಮಗಳಿಗೆ ಸಾಮಾನ್ಯವಾಗಿ ವಿರುದ್ಧ ಎನ್ನುತ್ತದೆ. ಎರಡನೆಯದು, ಆದರೆ ಒಂದು ದೇಶದ ಅಸ್ತಿತ್ವಕ್ಕೇ ಕುತ್ತು ಬಂದಂಥ ಆತ್ಮರಕ್ಷಣೆಯ ಪರಮ ಸಂಕಟದಲ್ಲಿ ಅದು ಕಾನೂನುಬದ್ಧವೋ ಅಲ್ಲವೋ ಎಂದು ಈ ನ್ಯಾಯಾಲಯ ಖಚಿತವಾಗಿ ತೀರ್ಮಾನಿಸಲಾರದು ಎನ್ನುತ್ತದೆ.

ಆ ಎರಡನೆಯ ಪ್ಯಾರಾದ ಸುತ್ತ ಸೀಸದಕಡ್ಡಿಯಲ್ಲಿ ಒಂದು ಕಂಸ. ಪಕ್ಕದಲ್ಲಿ ನನ್ನದೇ ಅಕ್ಷರ: 'ಪರೀಕ್ಷೆಗೆ ಬೇಡ.'

ಕಣ್ತಪ್ಪಿನಿಂದ ಬಿಟ್ಟಿದ್ದೇನೆ, ಹಾಳೆ ಕಳೆದಿದೆ, ಜೆರಾಕ್ಸಿನಲ್ಲಿ ಕತ್ತರಿಸಿಹೋಗಿದೆ ಅಂತ ದಾರಿಯುದ್ದಕ್ಕೂ ನೆಪಗಳನ್ನು ಜೋಡಿಸಿಕೊಂಡು ಬಂದಿದ್ದೆ. ಒಂದೂ ನಿಲ್ಲಲಿಲ್ಲ. ಓದಿದ್ದೆ, ತಿಳಿದೇ ಬಿಟ್ಟಿದ್ದೆ. ಮೊದಲ ವರ್ಷ ತರಗತಿಯಲ್ಲಿ ಈ ಪ್ಯಾರಾ ಹೇಳಿದಾಗ ಹಿಂದಿನ ಬೆಂಚಿನವರು ಯಾರೋ "ಹಂಗಾದ್ರೆ ಆನ್ಸರ್ ಏನು ಸರ್?" ಅಂದಿದ್ದರು. ನನಗೆ ಉತ್ತರ ಹೊಳೆದಿರಲಿಲ್ಲ. ಗೊತ್ತಿಲ್ಲ ಅನ್ನುವ ನ್ಯಾಯಾಲಯವನ್ನು ನಾನು ಕಂಡಿರಲೂ ಇಲ್ಲ. ನಮ್ಮ ತಾಲ್ಲೂಕು ಕೋರ್ಟಿನ ಅತಿ ಚಿಕ್ಕ ನ್ಯಾಯಾಧೀಶರೂ ಕೊನೆಗೆ ಹೌದು ಅಥವಾ ಇಲ್ಲ ಅನ್ನಲೇಬೇಕು. ಈ ಹುಡುಗರಿಗೆ, ಈ ಹೆಂಗಸರಿಗೆ ಇದೆಲ್ಲ ಗೊಂದಲ ಆಗುತ್ತದೆ ಅಂತ ನಾನೇ ನಿರ್ಧರಿಸಿ ಪ್ರಪಂಚದ ಅತಿ ದೊಡ್ಡ ನ್ಯಾಯಾಲಯದ ತೀರ್ಮಾನವನ್ನು ಸೀಸದಕಡ್ಡಿಯಲ್ಲಿ ತಿದ್ದಿದ್ದೆ.

ಹೆಂಡತಿ ಊಟಕ್ಕೆ ಕರೆದಳು. ಮುಖ ನೋಡಿ "ಯಾರು ಹೋದ್ರು?" ಅಂದಳು. ನನ್ನ ಜೊತೆ ಬಾಳಿ ಅವಳಿಗೂ ಅದೇ ಅಭ್ಯಾಸ.

ಸಂಜೆ ನನ್ನ ಸೀನಿಯರ್ ವಕೀಲರ ಕಚೇರಿಗೆ ಹೋದೆ. ಎಪ್ಪತ್ತು ದಾಟಿದವರು, ನನಗೆ ದಾವೆ ಬರೆಯುವುದನ್ನು ಕಲಿಸಿದವರು. ಎಲ್ಲ ಕೇಳಿ ಎಲೆಗೆ ಸುಣ್ಣ ಹಚ್ಚುತ್ತ ಕೂತರು.

"ಏನಪಾ, ಬಾಂಬ್ ನೀನೇ ಹಾಕಿದಂಗೆ ಆಡ್ತಿಯಲ್ಲೋ."

"ಯಜಮಾನ್ರೆ, ಆಯಮ್ಮನ ಕೊನೇ ಚಾನ್ಸ್ ಇದು. ಎರಡು ಸಲ ಹೋಗಿದ್ದು ಆ ಸಾಲಿನಿಂದ್ಲೇ ಇರಬೌದು."

"ಇರಬೌದು, ಇಲ್ದೆನೂ ಇರಬೌದು. ಆಯಮ್ಮಂಗೆ ಫೋನ್ ಮಾಡಿ ಇನ್ನೊಂದು ಪ್ಯಾರಾ ಬರ್ಕೊಳ್ಳಮ್ಮ ಅನ್ನು. ಮುಗೀತು. ಮಿಕ್ಕಿದ್ದು ಬಾಯಿ ಮುಚ್ಕೊಂಡಿರು. ಜೂನ್‌ನಾಗೆ ಕಾಲೇಜಿನವರು ನಿನ್ನ ಹೆಸರು ಮತ್ತೆ ಬರ್ಕೋಬೇಕಲ್ಲ? ನನ್ನ ನೋಟ್ಸು ತಪ್ಪು ಅಂತ ನೀನೇ ಡಂಗುರ ಹೊಡೆದ್ರೆ ಯಾರು ಕರೀತಾರೋ ನಿನ್ನ?"

ಮಾತು ಅಳೆದು ತೂಗಿದ್ದಾಗಿತ್ತು. ನನಗೆ ಹಿತವೂ ಆಗಿತ್ತು. ಮನೆಗೆ ಬಂದು ಜಗಳೂರಿಗೆ ಫೋನು ಮಾಡಿದೆ. ಒಂದು ಪ್ಯಾರಾ ಬಿಟ್ಟುಹೋಗಿದೆ ಅಂತ ಮೆತ್ತಗೆ ಹೇಳಿ ಓದಿ ಬರೆಸಿದೆ. 'ಬಿಟ್ಟುಹೋಗಿದೆ' ಅನ್ನುವ ಕ್ರಿಯಾಪದದಲ್ಲಿ ನಾನು ಎಷ್ಟು ಆರಾಮಾಗಿ ಅಡಗಿ ಕೂತೆನೆಂದರೆ ಒಂದು ಕ್ಷಣ ನನಗೇ ನಂಬಿಕೆ ಬಂತು.

ಆಕೆ ಬರೆದುಕೊಂಡದ್ದನ್ನು ಒಮ್ಮೆ ಓದಿ ಒಪ್ಪಿಸಿದರು. ಆಮೇಲೆ, "ಸರ್, ನನಗೆ ಈಗ ಇದು ತಲೆಗೆ ಹೋಗ್ತಿಲ್ಲ. ನಿಮ್ಮ ನೋಟ್ಸು ಹನ್ನೊಂದು ಸಲ ಟೈಪ್ ಮಾಡೀನಿ ನಾನು. ಕೈಗೆ ಬಂದಿದ್ದೇ ನನಗೆ ಬಾಯಿಗೆ ಬರೋದು. ಬರೆಯಾಕೆ ಕೂತ್ರೆ ಕೈ ತಾನೇ ಹಳೇ ಸಾಲಿಗೆ ಓಡ್ತದೆ. ಮತ್ತೆ ಸರ್... ಇದು ನನಗೊಬ್ಬಳಿಗೆ ಹೇಳಿದ್ರೆ ಸಾಕಾ? ಹೊನ್ನಾಳಿ, ನ್ಯಾಮತಿ ಕಡೆಯವರೂ ಇದನ್ನೇ ಓದ್ತಾರಲ್ಲ?"

ಬುಧವಾರ ಮಧ್ಯಾಹ್ನ ಬರುತ್ತೇನೆ ಅಂದೆ. ನಾಲ್ಕು ದಿನದಲ್ಲಿ ಒಂದು ದಿನ ಮುಗಿದಿತ್ತು. ಆಗಲೇ ಕೂತು ಅರ್ಧ ಪುಟದ ತಿದ್ದುಪಡಿ ಚೀಟಿ ಬರೆದೆ. 'ಪುಟ ನಲವತ್ತೊಂದರ ಕೊನೆಯ ಸಾಲು ತಪ್ಪು. ಅದನ್ನು ಹೊಡೆದುಹಾಕಿ ಇದನ್ನು ಅಂಟಿಸಿಕೊಳ್ಳಿ' ಎಂದು ಮೇಲೆ, ಕೆಳಗೆ ನನ್ನ ಹೆಸರು, ಸಹಿ. ಸಹಿ ಹಾಕುವಾಗ, ಬಿಳಿ ಹಾಳೆಗೆ ಸಹಿ ಹಾಕಿಸಿಕೊಂಡು ಮೋಸ ಮಾಡಿದರು ಅಂತ ಬರುವ ಕಕ್ಷಿದಾರರ ಮುಖಗಳೆಲ್ಲ ನೆನಪಾದವು. ಇಲ್ಲಿ ಮೋಸ ಮಾಡಿದವನೂ ಸಹಿ ಹಾಕುವವನೂ ಒಬ್ಬನೇ.

ಮಂಗಳವಾರ ಬೆಳಿಗ್ಗೆ ಚನ್ನಗಿರಿಯ ಅಂಗಡಿಯಲ್ಲಿ ಚೀಟಿಯ ಜೆರಾಕ್ಸ್ ಮಾಡಿಸಿ, ಅಲ್ಲಿದ್ದ ಪ್ರತಿಗಳಿಗೆ ಅಂಟಿಸಿದೆ. ಬಸವಾಪಟ್ಟಣದಲ್ಲಿ ಬಸ್ಸು ಬದಲಿಸಿ ಹೊನ್ನಾಳಿಗೆ ಹೋದೆ. ಹೊಳೆಯ ಸೇತುವೆ ಮೇಲೆ ಬಸ್ಸು ಹೋಗುವಾಗ, ಈ ಬಸ್ಸು ಈಗ ಬಿದ್ದರೆ ತಿದ್ದುಪಡಿ ಚೀಟಿಗಳೂ ಹೋಗುತ್ತವೆ, ತಪ್ಪು ನೋಟ್ಸು ಮಾತ್ರ ಉಳಿಯುತ್ತದೆ ಎಂಬ ಯೋಚನೆ ಬಂತು. ಅಂಥ ಯೋಚನೆಗಳಿಗೆ ನನ್ನ ತಲೆಯಲ್ಲಿ ಬಾಡಿಗೆ ಕರಾರೇ ಇಲ್ಲ, ಖಾಯಂ ವಾಸ.

ಹೊನ್ನಾಳಿ ಬಸ್‌ಸ್ಟ್ಯಾಂಡಿನ ಬಳಿಯ ಜೆರಾಕ್ಸ್ ಅಂಗಡಿಯ ಗಾಜಿನ ಮೇಲೆ ಒಂದು ರಟ್ಟು ತೂಗುತ್ತಿತ್ತು. 'ಇಂಟರ್‌ನ್ಯಾಷನಲ್ ಲಾ ನೋಟ್ಸ್. ಪಾಸ್ ಗ್ಯಾರಂಟಿ.' ನನ್ನದೇ ನೋಟ್ಸು, ನೀಲಿ ರಟ್ಟಿನ ಬೈಂಡಿಂಗು. ನಾನು ಯಾರೆಂದು ಹೇಳಿದೆ. ಮಾಲೀಕರು ಎದ್ದು ನಿಂತು ಕೈಮುಗಿದು ಟೀ ತರಿಸಿದರು. ತಪ್ಪಿದೆ ಅಂದ ಕೂಡಲೇ ಕೂತರು.

"ಏನ್ರೀ ಸರ್ ಹಿಂಗಂತೀರಿ? ಗ್ಯಾರಂಟಿ ಅಂತ ಬೋರ್ಡು ಹಾಕೀನಿ ನಾನು."

"ಅದನ್ನ ತೆಗೀರಿ ಮೊದ್ಲು."

"ಒಂದು ಸಾಲು ತಾನೆ? ಯಾರು ನೋಡ್ತಾರೆ ಬಿಡ್ರಿ. ಬಾಂಬ್ ಹಾಕೋದು ತಪ್ಪು ಅಂತ ಬರೆದೀರಿ. ಒಳ್ಳೇ ಮಾತೇ ಐತಲ್ಲ! ಹಾಕಬೌದು ಅಂತ ಬರೆದಿದ್ರೆ ಬೇರೆ."

ನಾನೂ ವರ್ಷಗಟ್ಟಲೆ ನನಗೆ ಹೇಳಿಕೊಂಡಿದ್ದ ಸಮಾಧಾನ ಅದೇ ಆಗಿತ್ತು. "ಹಾಕಬೌದು ಅಂತಲೂ ಅವರು ಹೇಳಿಲ್ಲ, ಎಲ್ಲ ಕಾಲಕ್ಕೂ ತಪ್ಪು ಅಂತಲೂ ಹೇಳಾಕೆ ಆಗಿಲ್ಲ. ಆ ತೂತು ಹಂಗೇ ಐತೆ. ಅದನ್ನ ನಾನು ಪೇಪರ್ ಅಂಟಿಸಿ ಮುಚ್ಚಿದ್ದೆ. ತೂತು ಇಲ್ಲ ಅಂದ್ಕೊಂಡ್ರೆ ಯಾರು ತೇಪೆ ಹಾಕ್ತಾರೆ ಹೇಳ್ರಿ?" ಅಂದೆ. ಮಾಲೀಕರು ಗೋಂದಿನ ಡಬ್ಬಿ ಮುಂದಿಟ್ಟರು. ಇಬ್ಬರೂ ಕೂತು ಉಳಿದಿದ್ದ ಪ್ರತಿಗಳಿಗೆ ಅಂಟಿಸಿದೆವು.

ಮುಗಿಯುವ ಹೊತ್ತಿಗೆ ಅವರು ಹಣೆ ಒತ್ತಿಕೊಂಡರು. "ನ್ಯಾಮತಿ ಕಡೆ ಮೇಷ್ಟ್ರೊಬ್ರು ನಿನ್ನೆ ಒಂದು ತಗೊಂಡೋದ್ರು ಸರ್. ನಲವತ್ತರ ಮೇಲಾಗೈತೆ, ಹೆಲ್ಮೆಟ್ ಕೈಯಾಗೆ ಹಿಡ್ಕೊಂಡೇ ಇರ್ತಾರೆ. ಶುಕ್ರವಾರ ಪರೀಕ್ಷೆ ಅಂತಿದ್ರು. ಹೆಸರು ಕೇಳಲಿಲ್ಲ."

ನ್ಯಾಮತಿಗೆ ಹೋದೆ. ಎರಡು ಜೆರಾಕ್ಸ್ ಅಂಗಡಿಗಳಲ್ಲಿ ಚೀಟಿ ಕೊಟ್ಟೆ, ಬಸ್‌ಸ್ಟ್ಯಾಂಡಿನ ಕಂಬಕ್ಕೊಂದು ಅಂಟಿಸಿದೆ. ಎದುರಿನ ಹೋಟೆಲಿನಲ್ಲಿ ಹೆಲ್ಮೆಟ್ ಹಿಡಿದ ಮೇಷ್ಟ್ರು ಯಾರಾದರೂ ಕಾನೂನು ಓದುತ್ತಿದ್ದಾರಾ ಅಂತ ವಿಚಾರಿಸಿದೆ. ಸೂರಗೊಂಡನಕೊಪ್ಪದ ದಾರಿಯ ಶಾಲೆಯೊಂದರವರು ಇರಬಹುದು ಎಂದರು ಒಬ್ಬರು. ಅಲ್ಲಿಗೆ ಆಟೋದಲ್ಲಿ ಹೋಗುವ ಹೊತ್ತಿಗೆ ಶಾಲೆ ಬಿಟ್ಟಿತ್ತು. ಗೇಟಿಗೆ ಬೀಗ. ಅಡುಗೆಯಮ್ಮ ಪಾತ್ರೆ ತೊಳೆಯುತ್ತಿದ್ದರು. "ಮೇಷ್ಟ್ರು ಪರೀಕ್ಷೆ ಐತೆ ಅಂತ ರಜಾ ಹಾಕ್ಯಾರ್ರೀ. ಓದಾಕೆ ನೆಂಟರ ಮನೀಗೆ ಹೋಗ್ಯಾರೆ. ಯಾವೂರು ಅಂತ ನಂಗೊತ್ತಿಲ್ಲ. ಫೋನ್ ನಂಬರ್ ಹೆಡ್‌ಮಾಸ್ತರ ಹತ್ರ ಐತೆ, ನಾಳೆ ಬರ್ತಾರೆ" ಎಂದರು.

ಆ ಗೇಟಿನ ಮುಂದೆ ನಿಂತು ನಾನು ಅಳುವುದೊಂದು ಬಾಕಿ. ಮರುದಿನ ಬೆಳಿಗ್ಗೆ ಮತ್ತೆ ಇಲ್ಲಿಗೆ ಬಂದರೆ ಮೇಷ್ಟ್ರ ನಂಬರು ಸಿಗಬಹುದು, ಆದರೆ ಜಿಲ್ಲೆಯ ಇನ್ನೊಂದು ತುದಿಯಲ್ಲಿರುವ ಜಗಳೂರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲು ಆಗುವುದಿಲ್ಲ. ಮೇಷ್ಟ್ರಿಗೆ ಇದು ಎಷ್ಟನೇ ಸಲವೋ ತಿಳಿಯದು. ಆಕೆಗೆ ಕೊನೆಯದೆಂಬುದು ತಿಳಿದಿತ್ತು. ಅಡುಗೆಯಮ್ಮನ ಕೈಗೆ ಒಂದು ಚೀಟಿ, ನನ್ನ ನಂಬರು ಕೊಟ್ಟು, ಹೆಡ್‌ಮಾಸ್ತರಿಗೆ ಮುಟ್ಟಿಸಿ ಅಂತ ಮೂರು ಸಲ ಹೇಳಿದೆ. "ಆಯ್ತು ಬಿಡ್ರಿ, ಒಂದೇ ಸಲಕ್ಕೆ ಕೇಳಿಸ್ತು" ಅಂದರು ಆಕೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ವಾಪಸು ಹೊರಟೆ.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಜಗಳೂರಿನ ಟೈಪಿಂಗ್ ಅಂಗಡಿ ಮುಟ್ಟಿದೆ. ದಾರಿಯಲ್ಲಿ ಜಿಲ್ಲಾ ಕೇಂದ್ರದಲ್ಲಿ ಇಳಿದು ಕಾಲೇಜಿನ ನೋಟಿಸ್ ಬೋರ್ಡಿಗೂ ಚೀಟಿ ಅಂಟಿಸಿದ್ದೆ. ಪ್ರಾಂಶುಪಾಲರು ಕನ್ನಡಕದ ಮೇಲಿಂದ ಅದನ್ನು ಓದಿ, "ನಿಮ್ಮ ಪ್ರಾಮಾಣಿಕತೆ ದೊಡ್ಡದು" ಅಂದಿದ್ದರು. ಆ ಧ್ವನಿ ನನಗೆ ಗೊತ್ತು. ಒಪ್ಪಿಕೊಂಡ ಆರೋಪಿಗೆ ನ್ಯಾಯಾಧೀಶರು ಶಿಕ್ಷೆಗೆ ಮುಂಚೆ ಹೇಳುವ ಮಾತು.

ಆಕೆ ಕಂಪ್ಯೂಟರಿನ ಮುಂದೆ ಕೂತಿದ್ದರು. ಕಣ್ಣಿನ ಸುತ್ತ ಕಪ್ಪು. "ಕೇಳ್ರಿ ಸರ್" ಅಂತ ಕಣ್ಣು ಮುಚ್ಚಿ ಪುಟ ನಲವತ್ತೊಂದನ್ನು ಒಪ್ಪಿಸತೊಡಗಿದರು. ನಾನು ಫೋನಿನಲ್ಲಿ ಬರೆಸಿದ ಪ್ಯಾರಾದ ಹತ್ತಿರ ಬಂದೊಡನೆ ಮಾತು ತಡವರಿಸಿತು, ಮತ್ತೆ ಹಳಿ ಹತ್ತಿತು: 'ಆದ್ದರಿಂದ ಎಲ್ಲ ಸಂದರ್ಭಗಳಲ್ಲೂ ಕಾನೂನುಬಾಹಿರ...' ಬಾಯಿಗೆ ಕೈ ಅಡ್ಡ ಹಿಡಿದರು. ಇನ್ನೊಮ್ಮೆ ಹೇಳಿದರು. ಮತ್ತೆ ಅಲ್ಲಿಗೇ. ಐದನೆಯ ಸಲ ಕಣ್ಣಲ್ಲಿ ನೀರು. ನಾನು ಅಷ್ಟು ಚೆನ್ನಾಗಿ ಬರೆದ ಸಾಲು ಇನ್ನೊಂದಿಲ್ಲ ಅಂತ ಆಗ ತಿಳಿಯಿತು.

"ಒಪ್ಪಿಸೋದು ಬಿಡ್ರಮ್ಮ. ಟೈಪ್ ಮಾಡ್ರಿ. ನಾನು ಹೇಳ್ತೀನಿ. ನೋಟ್ಸ್ ಅಂತಲ್ಲ, ಆರ್ಡರ್ ಅಂತ. ನೀವೇ ಆ ಕೋರ್ಟಿನ ಸ್ಟೆನೋ ಅಂದ್ಕೊಳ್ರಿ."

ಅಷ್ಟರಲ್ಲಿ ಕರೆಂಟು ಹೋಯಿತು. ಆಕೆ ಏನೂ ಅನ್ನದೆ ಮೇಜಿನ ಕೆಳಗಿಂದ ಹಳೆಯ ಕನ್ನಡ ಟೈಪ್‌ರೈಟರನ್ನು ಎತ್ತಿ ಮೇಲಿಟ್ಟು, ಧೂಳು ಒರೆಸಿ, ಹಾಳೆ ತಿರುಗಿಸಿದರು.

"ಎ. ಒಮ್ಮತದಿಂದ. ಅಣ್ವಸ್ತ್ರದ ಬೆದರಿಕೆಗಾಗಲಿ ಬಳಕೆಗಾಗಲಿ ನಿರ್ದಿಷ್ಟವಾಗಿ ಅನುಮತಿ ಕೊಡುವ ಕಾನೂನು ಯಾವುದೂ ಇಲ್ಲ. ಬಿ. ಹನ್ನೊಂದಕ್ಕೆ ಮೂರು ಮತ. ಅವನ್ನು ಪೂರ್ತಿಯಾಗಿ, ಎಲ್ಲೆಡೆಗೂ ಅನ್ವಯಿಸುವಂತೆ ನಿಷೇಧಿಸುವ ಕಾನೂನೂ ಇಲ್ಲ."

"ಅನುಮತಿನೂ ಇಲ್ಲ, ನಿಷೇಧನೂ ಇಲ್ಲ. ನಮ್ಮೂರ ಕೆರೆ ಅಂಗಳ ಇದ್ದಂಗೆ ಐತಲ್ಲ ಸರ್" ಅಂದರು ಬೆರಳು ನಿಲ್ಲಿಸದೆ.

ಸಿ, ಡಿ ಎರಡನ್ನೂ ಒಮ್ಮತದಿಂದ ಹೇಳಿದ್ದು. ಸಿ, ವಿಶ್ವಸಂಸ್ಥೆಯ ಸನ್ನದಿನಲ್ಲಿ ಬಲಪ್ರಯೋಗಕ್ಕೆ ಹಾಕಿದ ಮಿತಿ ಮೀರಿದರೆ ಕಾನೂನುಬಾಹಿರ. ಡಿ, ಯುದ್ಧದಲ್ಲಿ ಸೈನಿಕರನ್ನೂ ಜನಸಾಮಾನ್ಯರನ್ನೂ ಬೇರೆ ಮಾಡಿ ನೋಡಬೇಕೆಂಬಂಥ ಮಾನವೀಯ ನಿಯಮಗಳಿಗೆ ಈ ಅಸ್ತ್ರವೂ ಒಳಪಟ್ಟದ್ದು. ಮೆಷಿನ್ನು ಟಕಟಕ ಓಡಿತು.

"ಇ. ಏಳಕ್ಕೆ ಏಳು ಮತ. ಅಧ್ಯಕ್ಷರ ನಿರ್ಣಾಯಕ ಮತದಿಂದ."

"ಹದಿನೈದು ಜನ ಇರ್ತಾರೆ ಅಂತ ಬರೆದಿದ್ರಲ್ಲ ಸರ್?"

"ಒಬ್ಬರು ತೀರಿಕೊಂಡಿದ್ರು. ಹದಿನಾಲ್ಕೇ ಜನ."

"ಪಂಚಾಯ್ತಿನಾಗೆ ಅಧ್ಯಕ್ಷರು ಇನ್ನೊಂದು ಓಟು ಹಾಕ್ತಾರಲ್ಲ, ಹಂಗೆ?"

"ಹಂಗೇ. ಎದುರು ಹಾಕಿದ ಏಳು ಜನಕ್ಕೂ ಒಂದೇ ಮನಸ್ಸಿರಲಿಲ್ಲ. ಕೆಲವರಿಗೆ ನಿಷೇಧ ಸಾಲದು ಅಂತ, ಕೆಲವರಿಗೆ ಇಷ್ಟೂ ಜಾಸ್ತಿ ಆಯ್ತು ಅಂತ."

ಮೊದಲ ಪ್ಯಾರಾ ಮುಗಿಯಿತು. ಎರಡನೆಯದನ್ನು ನಿಧಾನವಾಗಿ ಹೇಳಿದೆ. 'ಖಚಿತವಾಗಿ ತೀರ್ಮಾನಿಸಲಾರದು' ಎಂಬಲ್ಲಿ ಮೆಷಿನ್ನು ನಿಂತಿತು. ಬೆರಳುಗಳು ಕೀಲಿಗಳ ಮೇಲೆ ಹಾಗೇ ಇದ್ದವು.

"ಗೊತ್ತಿಲ್ಲ ಅನ್ನಾಕೆ ಹದಿನಾಲ್ಕು ಜನ ಜಡ್ಜ್ ಬೇಕಾ ಸರ್?"

"ಒಬ್ಬನೇ ಇದ್ದಿದ್ರೆ ಗೊತ್ತು ಅಂತ ಸುಳ್ಳು ಹೇಳಿಬಿಡ್ತಿದ್ದ. ನಾನು ಹೇಳೀನಲ್ಲ."

ಆಕೆ ತಿರುಗಿ ನೋಡಿದರು. ಚೀಲದಿಂದ ಹಳೆಯ ಪ್ರಿಂಟು ತೆಗೆದು ಸೀಸದಕಡ್ಡಿಯ ಕಂಸ ತೋರಿಸಿದೆ. ಬಿಟ್ಟುಹೋಗಿದ್ದಲ್ಲ, ಬಿಟ್ಟಿದ್ದು ಅಂದೆ. ಯಾಕೆ ಅಂತಲೂ ಹೇಳಿದೆ.

ಆಕೆ ಆ ಎರಡು ಶಬ್ದಗಳನ್ನು ಬಹಳ ಹೊತ್ತು ಓದಿದರು. ಎದುರಿನ ಕೋರ್ಟಿನಲ್ಲಿ ಯಾರದೋ ಹೆಸರನ್ನು ಮೂರು ಸಲ ಕೂಗಿದರು. ಯಾರೂ ಹೋಗಲಿಲ್ಲ.

"ಎರಡು ಸಲ ಸರ್" ಅಂದರು ಕೊನೆಗೆ. "ಎರಡು ಸಲ ಬಸ್ಸಿನಾಗೆ ಅತ್ಕೊಂಡು ಬಂದೀನಿ. ನನಗೆ ತಲೆ ಇಲ್ಲ ಅಂತ ಅತ್ತೀನಿ. ನಮಗೆ ಅರ್ಥ ಆಗಂಗಿಲ್ಲ ಅಂತ ನೀವೂ ಅಂದ್ಕೊಂಡಿದ್ರಿ ಹಂಗಾದ್ರೆ."

ಕ್ಷಮಿಸಿ ಅನ್ನಲು ಬಾಯಿ ತೆಗೆದೆ. ಆಕೆ ಕೈಯೆತ್ತಿ ತಡೆದರು. ಗೋಡೆಗೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಮೆಷಿನ್ನಿನ ಮುಂದೆ ಸರಿದರು.

"ಅದಿರ್ಲಿ. ಎಫ್ ಹೇಳ್ರಿ. ಟೈಮಿಲ್ಲ."

"ಎಫ್. ಒಮ್ಮತದಿಂದ. ಸಂಪೂರ್ಣ ಅಣ್ವಸ್ತ್ರ ತ್ಯಾಗದ ಮಾತುಕತೆಯನ್ನು ಪ್ರಾಮಾಣಿಕವಾಗಿ ನಡೆಸಿ ಮುಗಿಸುವುದು ದೇಶಗಳ ಹೊಣೆ."

ಮತ್ತೆ ಮೊದಲಿಂದ. ಎರಡನೆಯ ಸಲ, ನಾಲ್ಕನೆಯ ಸಲ. ಕರೆಂಟು ಬಂದರೂ ಆಕೆ ಟೈಪ್‌ರೈಟರು ಬಿಡಲಿಲ್ಲ. ನಡುವೆ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೂ ಬಂದೆವು. ಅದನ್ನು ತರಗತಿಯಲ್ಲಿ ಯಾವಾಗಲೂ ಬಗರ್‌ಹುಕುಂ ಜಮೀನಿಗೆ ಹೋಲಿಸಿ ಹೇಳುತ್ತಿದ್ದೆ. ಅಪ್ಪಣೆಯಿಲ್ಲದೆ ಸರ್ಕಾರಿ ಜಮೀನು ಉಳುತ್ತಿದ್ದವರಲ್ಲಿ ಗೊತ್ತಾದ ದಿನಾಂಕಕ್ಕಿಂತ ಮೊದಲಿನವರು ಸಕ್ರಮಕ್ಕೆ ಅರ್ಹರು, ಆಮೇಲಿನವರು ಒತ್ತುವರಿದಾರರು. ಹಾಗೆಯೇ 1967ರ ಜನವರಿ ಒಂದಕ್ಕಿಂತ ಮೊದಲು ಬಾಂಬು ಸಿಡಿಸಿದ ಐದು ದೇಶಗಳನ್ನು ಆ ಒಪ್ಪಂದ ಅಣ್ವಸ್ತ್ರ ದೇಶಗಳೆಂದು ಗುರುತಿಸುತ್ತದೆ. ನಮ್ಮ ದೇಶ ಅರ್ಜಿಯನ್ನೇ ಹಾಕದೆ ಉಳುತ್ತಿದೆ ಅಂತ ಸೇರಿಸಿದರೆ ತರಗತಿ ನಗುತ್ತಿತ್ತು.

"ಇದೂ ಪೂರ್ತಿ ಸರಿ ಇಲ್ಲ ಅಲ್ಲೇನ್ ಸರ್?" ಅಂದರು ಆಕೆ. "ಸಕ್ರಮ ಆದ್ರೆ ಹಕ್ಕುಪತ್ರ ಬರ್ತದೆ. ಮಕ್ಕಳಿಗೂ ಆಗ್ತದೆ. ಈ ಐದು ಜನಕ್ಕೆ ಹಕ್ಕುಪತ್ರ ಎಲ್ಲಿ ಕೊಟ್ಟಾರೆ? ಬಿಟ್ಟುಕೊಡೋ ಮಾತಾಡ್ತೀವಿ ಅಂತ ಅವ್ರೇ ಬರ್ಕೊಟ್ಟಾರೆ. ಬಿಟ್ಟುಕೊಟ್ಟಿಲ್ಲ ಅಷ್ಟೆ. ಇದು ಸಕ್ರಮ ಅಲ್ಲ, ಬರೀ ಪಟ್ಟಿನಾಗೆ ಹೆಸರು."

ಅಷ್ಟು ವರ್ಷ ನಾನು ಹೇಳಿದ್ದಕ್ಕಿಂತ ಅದು ಸರಿಯಾಗಿತ್ತು. ಗೊಂದಲ ಆಗುತ್ತದೆಂದು ಯಾರಿಗಾಗಿ ಪ್ಯಾರಾ ಕತ್ತರಿಸಿದ್ದೆನೋ ಆಕೆ ನನ್ನ ಇನ್ನೊಂದು ತಪ್ಪನ್ನು ಹುಡುಕಿ ಕೈಗಿಟ್ಟಿದ್ದರು. "ಹಂಗೇ ಬರೀರಿ" ಅಂದೆ.

ಸಂಜೆ ಆರಕ್ಕೆ ಹೊರಟಾಗ ಆಕೆ ಕಣ್ಣು ಮುಚ್ಚಿ, ಬೆರಳುಗಳನ್ನು ಬರಿಯ ಮೇಜಿನ ಮೇಲೆ ಆಡಿಸುತ್ತ ಇ ವರೆಗೆ ಬಂದು, ತಡೆದು, ದಾಟಿದರು. ದಾಟಿದ ಮೇಲೂ ನಗಲಿಲ್ಲ. ಬಸ್ಸಿಗೆ ಬೀಳ್ಕೊಡಲೂ ಬರಲಿಲ್ಲ. ಬರಬೇಕೆಂದು ನಾನು ಯಾವ ಮುಖದಿಂದ ಬಯಸಲಿ?

ಶುಕ್ರವಾರ ಮಧ್ಯಾಹ್ನ ಒಂದು ಸಂದೇಶ ಬಂತು. 'ಬಂದಿತ್ತು. ಬರೆದೆ.' ಅಷ್ಟೇ. ನ್ಯಾಮತಿಯ ಹೆಡ್‌ಮಾಸ್ತರಿಂದ ಯಾವ ಫೋನೂ ಬಂದಿರಲಿಲ್ಲ.

ಫಲಿತಾಂಶಕ್ಕೆ ಎರಡು ತಿಂಗಳಾಯಿತು. ಅಷ್ಟೂ ದಿನ ನಾನು ಆಕೆಯ ನೋಂದಣಿ ಸಂಖ್ಯೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಫಲಿತಾಂಶ ಬಂದ ದಿನ ಫೋನಿನಲ್ಲಿ ಆ ಸಂಖ್ಯೆ ಒತ್ತುವ ಧೈರ್ಯ ಬರಲಿಲ್ಲ. ನಾಲ್ಕು ಸಲ ಒತ್ತಿ ನಾಲ್ಕು ಸಲ ಅಳಿಸಿದೆ. ಅಷ್ಟರಲ್ಲಿ ಆಕೆಯೇ ಫೋನು ಮಾಡಿದರು.

"ಸರ್, ನಿಮ್ಮ ಕೋರ್ಟಿನ ಹತ್ರ ಯಾರಿಗಾದ್ರೂ ಟೈಪಿಂಗ್ ಅಂಗಡಿ ಬೇಕಾ ಕೇಳ್ರಿ. ಕಂಪ್ಯೂಟರ್, ಪ್ರಿಂಟರ್ ಎಲ್ಲ ಕೊಟ್ಬಿಡ್ತೀನಿ. ವಕೀಲಿ ಸನ್ನದು ತಗೊಂಡ್ಮೇಲೆ ಬೇರೆ ವ್ಯಾಪಾರ ಮಾಡಂಗಿಲ್ಲಂತೆ."

ನಾನು ಜೇಬಿನಿಂದ ನೋಂದಣಿ ಸಂಖ್ಯೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟೆ.

"ಟೈಪ್‌ರೈಟರ್ ಮಾತ್ರ ಕೊಡಲ್ಲ" ಅಂದರು. "ನಿಮ್ಮ ನೋಟ್ಸ್ ಪೂರ್ತಿ ಇನ್ನೊಂದ್ಸಲ ಓದ್ತಾ ಇದೀನಿ ಸರ್. ಇನ್ನೂ ಮೂರು ಕಡೆ ಅನುಮಾನ ಐತೆ. ಪೆನ್ನು ತಗೊಳ್ರಿ." ಆಗ ಮೊದಲ ಸಲ ನಕ್ಕರು.

ಕಾಲೇಜಿನಿಂದ ಆ ಜೂನ್‌ನಲ್ಲಿ ಕರೆ ಬರಲಿಲ್ಲ. ಬೇಡ ಅಂತಲೂ ಯಾರೂ ಹೇಳಲಿಲ್ಲ. ಶನಿವಾರ ಈಗ ಮನೆಯಲ್ಲಿರುತ್ತೇನೆ, ಹೆಂಡತಿಗೆ ತೊಂದರೆ.

ಕಳೆದ ತಿಂಗಳು ಒಂದು ಕೇಸಿನ ಸಲುವಾಗಿ ಹೊನ್ನಾಳಿಗೆ ಹೋಗಿದ್ದೆ. ವಾಪಸು ಬಸ್ಸಿಗೆ ಕಾಯುತ್ತಿದ್ದಾಗ ಹೆಲ್ಮೆಟ್ ಕೈಯಲ್ಲಿ ಹಿಡಿದವರೊಬ್ಬರು ಜೆರಾಕ್ಸ್ ಅಂಗಡಿಯಿಂದ ನನ್ನತ್ತ ಬಂದರು. ಮಾಲೀಕರು ಅಂಗಡಿಯ ಬಾಗಿಲಲ್ಲಿ ನಿಂತು ನನ್ನನ್ನೇ ಬೆರಳು ಮಾಡಿ ತೋರಿಸುತ್ತಿದ್ದರು. ಮೇಷ್ಟ್ರು.

"ನಿಮ್ಮ ಚೀಟಿ ನನಗೆ ಪರೀಕ್ಷೆ ಆದ ಸೋಮವಾರ ಸಿಕ್ತು ಸರ್. ಹೆಡ್‌ಮಾಸ್ಟ್ರು ರಜಾ ಇದ್ರು. ನಿಮ್ಮ ನೋಟ್ಸಿನಾಗೆ ಇದ್ದಂಗೇ ಬರೆದಿದ್ದೆ." ಸಿಟ್ಟಿರಲಿಲ್ಲ, ಸುಮ್ಮನೆ ವಿವರ ಹೇಳುವ ಧ್ವನಿ. "ಎರಡು ನಂಬರಿನಾಗೆ ಹೋತು. ಆ ಸಾಲಿನಿಂದ್ಲೇ ಹೋತು ಅಂತೀರಾ?"

ಕಕ್ಷಿದಾರ ಮರದ ಕೆಳಗೆ ನಿಂತು ಕೇಳುವ ಪ್ರಶ್ನೆಯೇ ಅದು. ಮೂವತ್ತು ವರ್ಷದಲ್ಲಿ ಅದಕ್ಕೆ ನಾನು ಉತ್ತರ ಕೊಡದೆ ಇದ್ದದ್ದಿಲ್ಲ. ಅಲ್ಲ ಬಿಡಿ ಅಂದಿದ್ದರೆ ನನಗೆ ಹಗುರ, ಹೌದು ಅಂದಿದ್ದರೂ ಒಂದು ಬಗೆಯಲ್ಲಿ ಹಗುರವೇ.

"ಗೊತ್ತಿಲ್ಲ ಮೇಷ್ಟ್ರೆ" ಅಂದೆ. "ನನಗೆ ಹೇಳಾಕೆ ಬರಲ್ಲ."

ಅವರು ತಲೆಯಾಡಿಸಿದರು. ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು ಪಕ್ಕದಲ್ಲಿ ಕೂತರು. ನನ್ನ ಬಸ್ಸು ಬಂತು. ಕಂಡಕ್ಟರು ಬಸವಾಪಟ್ಟಣ, ಚನ್ನಗಿರಿ ಅಂತ ಕೂಗಿ ಕೂಗಿ ಹೋದರು. ನಾನು ಏಳಲಿಲ್ಲ.

"ಇನ್ನೆಷ್ಟು ಸಲ ಬರೀಬೌದು ನೀವು?"

"ಇನ್ನೂ ಎರಡು ಐತೆ ಸರ್."

"ಪೆನ್ನೈತಾ?" ಅಂದೆ. "ಬರ್ಕೊಳ್ರಿ. ಎ. ಒಮ್ಮತದಿಂದ."